ಕೂಗಳತೆ

ಕಮಲಾಪುರ
ರವಿವಾರ, ೧೮ ಫೆಬ್ರವರಿ ೧೯೨೩

ಇವತ್ತೂ ನನ್ನಿಂದ ಆಗಲಿಲ್ಲ.

ಪಾಸ್ಟರ್ ಸಾಯಬಣ್ಣನವರು ನಿನ್ನೆಯೇ ಕಲಬುರ್ಗಿಗೆ ಹೊರಟರು. ಗಾಡಿ ಹತ್ತುವಾಗ, ‘ನಾಳಿ ಆರಾಧನಾ ನೀವೇ ನಡಸ್ರಿ ವಿಮಲಾಬಾಯಿ. ಓದೂದು ನಿಮಗ ಬರ್ತದ. ಪ್ರಾರ್ಥನಾ ಅಂದ್ರ ಮಾತಾಡೂದು, ಅಷ್ಟ’ ಅಂದರು. ಅಷ್ಟೇ ಎನ್ನುವುದು ಅವರಿಗೆ ಸುಲಭ.

ಪಾಠ ಓದಿದೆ. ಪುಸ್ತಕದ ಮೇಲೆ ಕಣ್ಣಿಟ್ಟರೆ ಮುಂದೆ ಕೂತವರು ಕಾಣುವುದಿಲ್ಲ. ಮುಚ್ಚಿದ ಮೇಲೆ ಕಂಡರು. ಎಲ್ಲರೂ ತಲೆ ಬಗ್ಗಿಸಿ, ಕಣ್ಣು ಮುಚ್ಚಿಕೊಂಡು, ನಾನು ಪ್ರಾರ್ಥನೆ ಮಾಡಲಿ ಎಂದು ಕಾಯುತ್ತಿದ್ದರು. ನೋಡುವ ಕಣ್ಣಿಗಿಂತ ಮುಚ್ಚಿ ಕಾಯುವ ಕಣ್ಣಿಗೆ ನನಗೆ ಹೆಚ್ಚು ಅಂಜಿಕೆ. ನಾಲಿಗೆ ಅಂಗುಳಕ್ಕೆ ಅಂಟಿತು. ‘ಗುಂಡಣ್ಣ, ನೀವು ಪ್ರಾರ್ಥನಾ ಮಾಡ್ರಿ’ ಎಂದೆ. ಅಷ್ಟನ್ನೂ ಎರಡು ಸಲ ಹೇಳಬೇಕಾಯಿತು, ಅವನಿಗೆ ಕೇಳಿಸಲಿಲ್ಲ.

ಗುಂಡಣ್ಣ ಈ ಊರಿನ ಡಂಗುರ ಸಾರುವವನಾಗಿದ್ದ. ಹೋದ ವರ್ಷ ದೀಕ್ಷಾಸ್ನಾನವಾದ ಮೇಲೆ ಹಲಗೆ ಬಾರಿಸುವುದು ಬಿಟ್ಟ, ದನಿ ಮಾತ್ರ ಬಿಡಲಿಲ್ಲ. ನಾಲ್ಕು ಮಂದಿಯ ಮುಂದೆ ಮಾತಾಡುವ ರೀತಿ ಅವನಿಗೆ ಗೊತ್ತಿರುವುದು ಅದೊಂದೇ. ಹಾಗಾಗಿ ಅವನ ಪ್ರಾರ್ಥನೆ ‘ಕೇಳ್ರಿ ದೇವರ, ಕೇಳ್ರಿ!’ ಎಂದೇ ಸುರುವಾಗುತ್ತದೆ. ದೇವರಿಗೆ ರೀ ಹಚ್ಚಬಾರದು, ನೀನು ಅನ್ನಬೇಕು ಎಂದು ಪಾಸ್ಟರ್ ಒಮ್ಮೆ ತಿದ್ದಿದ್ದರು. ‘ಗೌಡರಿಗೇ ರೀ ಅಂತೀನಿ, ದೇವರಿಗೆ ನೀ ಅನ್ನಲೇನ್ರಿ?’ ಎಂದು ಕೇಳಿದ.

ಇವತ್ತು ಅವನ ಹೆಂಡತಿ ಹಣಮಮ್ಮ ತಡವಾಗಿ ಬಂದಳು. ಆಕೆ ಗೌಡರ ದನದ ಕೊಟ್ಟಿಗೆ ಬಳಿಯುವವಳು. ಪ್ರಾರ್ಥನೆ ನಡೆದಿರುವಾಗಲೇ ಗಂಡನ ಮಗ್ಗಲಲ್ಲಿ ಕೂತು ಏನೋ ಪಿಸುಗುಟ್ಟಿದಳು. ಅವನು ಅದನ್ನೂ ಅದೇ ಉಸಿರಿನಲ್ಲಿ ಸಾರಿಬಿಟ್ಟ: ಗೌಡರ ಎತ್ತು ಸರದಾರ ಈಗಷ್ಟೇ ಕಣದ ಹಾದಿಯಲ್ಲಿ ಬಿದ್ದಿದೆ, ಅದನ್ನು ಎಬ್ಬಿಸಬೇಕು. ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೆನ್ ಬರುವ ಹೊತ್ತಿಗೆ ಬಿಸಿಲು ಹೊಸ್ತಿಲು ದಾಟಿತ್ತು.

‘ಮುಂದಿನ ಸಲ ನೀವೇ ಮಾಡ್ರಿ ಬಾಯಾರ,’ ಎಂದಳು ಹಣಮಮ್ಮ. ‘ಇವಾ ಸುರು ಮಾಡಿದನಂದ್ರ ಒಲಿ ಮ್ಯಾಲಿನ ಬ್ಯಾಳಿ ಸೀದು ಹೋಗ್ತದ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಕರ್ತನೇ, ಈ ಅಂಜಿಕೆಯನ್ನು ನನ್ನಿಂದ ತೆಗೆ.

ಮಂಗಳವಾರ, ೨೦

ಗುಂಡಣ್ಣನನ್ನು ಪೊಲೀಸರು ಹಿಡಿದುಕೊಂಡು ಹೋದರು. ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ, ಕಿಟಕಿಯಿಂದ ಕಂಡಿತು. ಕೈಗೆ ಹಗ್ಗ ಹಾಕಿದ್ದರು. ಮಕ್ಕಳು ಮಗ್ಗಿ ನಿಲ್ಲಿಸಿದರು. ನಾನು ‘ಮುಂದ ಹೇಳ್ರಿ’ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ರವಿವಾರ ಮುಂಜಾನೆ ಸರದಾರ ಬಿದ್ದಾಗ ಕಣದಲ್ಲಿದ್ದವರೆಲ್ಲ ಎತ್ತಿನ ಸುತ್ತ ಓಡಿದರಂತೆ. ಕಣ ಬರಿದಾದ ಆ ಹೊತ್ತಿನಲ್ಲಿ ಗುಂಡಣ್ಣ ಜೋಳದ ಚೀಲ ಹೊತ್ತುಕೊಂಡು ಹೋದನೆಂದು ಫಿರ್ಯಾದು. ಗೌಡರ ಕಾರಭಾರಿ ಮಹಾದೇವಪ್ಪ ಕಣ್ಣಾರೆ ಕಂಡೆನೆಂದು ಬರೆಸಿದ್ದಾನೆ.

ಹೋದ ತಿಂಗಳು ಊರದೇವತೆಯ ಪೂಜೆಗೆ ಹಲಗೆ ಬಾರಿಸು ಎಂದಾಗ ಗುಂಡಣ್ಣ ಒಲ್ಲೆನೆಂದಿದ್ದ. ಅಂದಿನಿಂದ ಏನೋ ಆಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಹೊತ್ತಿನಲ್ಲಿ ಅವನು ನನ್ನ ಮುಂದೆ ನಿಂತು ಪ್ರಾರ್ಥನೆ ಮಾಡುತ್ತಿದ್ದ. ಅದೂ ನಾನು ಹೇಳಿದ್ದಕ್ಕೆ.

ಗುರುವಾರ, ೨೨

ಪಾಸ್ಟರ್ ತಿರುಗಿ ಬಂದಿದ್ದಾರೆ. ನಮ್ಮ ಮಂದಿಯನ್ನು ಕೂಡಿಸಿ, ಅದಾಲತ್ತಿಗೆ ಬಂದು ಸಾಕ್ಷಿ ಹೇಳುವವರು ಯಾರು ಎಂದು ಕೇಳಿದರು. ಯಾರೂ ತಲೆ ಎತ್ತಲಿಲ್ಲ. ತಪ್ಪೂ ಅಲ್ಲ. ಎಲ್ಲರೂ ಗೌಡರ ಹೊಲದಲ್ಲಿ ದುಡಿಯುವವರು. ನಾಳೆ ಸುಗ್ಗಿಗೆ ಕರೆಯದಿದ್ದರೆ ಮನೆಯಲ್ಲಿ ಹಿಟ್ಟಿಲ್ಲ.

ಮೂಲೆಯಲ್ಲಿ ಕೂತ ಮುದುಕನೊಬ್ಬ, ‘ಬಾಯಾರು ಇದ್ರಲ್ಲ. ಅವರೇನು ಗೌಡರ ಹೊಲದಾಗ ದುಡೀತಾರೇನು?’ ಎಂದ.

ಹೊಲದಲ್ಲಿ ದುಡಿಯುವುದಿಲ್ಲ, ನಿಜ. ಗೌಡರ ಮನೆಯಲ್ಲಿ ಇದ್ದೇನೆ. ಹೊರಗಿನ ಅಂಗಳದಲ್ಲಿ ಮೊದಲು ಮೇವು ಒಟ್ಟುತ್ತಿದ್ದ ಕೋಣೆ. ಮಿಶನ್ ಮಿಸ್ಸಮ್ಮ ಕೇಳಿದರೆಂದು ಜಗದೇವಪ್ಪ ಗೌಡರು ಕೊಟ್ಟರು. ನಾನು ಯಾರ ಪೈಕಿ, ಅಂದರೆ ಯಾವ ಜಾತಿ, ಎಂದು ಅವರು ಕೇಳಲಿಲ್ಲ. ಅವರ ಕಟ್ಟೆಯ ಮೇಲೆ ಕೂರುವ ಮಂದಿ ಮಾತ್ರ ದಿನಾ ಕೇಳುತ್ತಾರೆ. ‘ಬಾಯಾರು ಯಾರ ಪೈಕಿ ಆದ್ರಿ?’ ಸಾಲಿ ಕಲಿಸುವವರ ಪೈಕಿ ಎನ್ನುತ್ತೇನೆ. ಅವರು ನಗುತ್ತಾರೆ. ಅದಕ್ಕೇ ನಾನು ನೀರಿಗೆ ಹಿಂದಿನ ಸಂದಿಯಿಂದ ಸುತ್ತು ಹಾಕಿ ಹೋಗುತ್ತೇನೆ. ಅಲ್ಲಿ ನಾಯಿ ಇದೆ, ಆದರೆ ನಾಯಿ ಪೈಕಿ ಕೇಳುವುದಿಲ್ಲ.

ಪಾಸ್ಟರ್ ನನ್ನನ್ನು ಒತ್ತಾಯ ಮಾಡಲಿಲ್ಲ. ‘ವಿಚಾರ ಮಾಡ್ರಿ’ ಅಂದರು. ಒತ್ತಾಯ ಮಾಡಿದ್ದರೆ ಸಿಟ್ಟಾದರೂ ಬರುತ್ತಿತ್ತು.

ರವಿವಾರ, ೨೫

ಆರಾಧನೆ ಬೇಗ ಮುಗಿಯಿತು. ಗುಂಡಣ್ಣ ಇಲ್ಲದೆ ಮನೆ ಸಣ್ಣದಾದ ಹಾಗಿತ್ತು. ಹಾಡು ಮುಗಿದ ಮೇಲೆ ಪಾಸ್ಟರ್ ಎಂದಿನಂತೆ, ‘ಯಾರರ ಸಾಕ್ಷಿ ಹೇಳ್ತೀರೇನು?’ ಎಂದರು. ದೇವರು ಆ ವಾರ ಏನು ಮಾಡಿದನೆಂದು ಎದ್ದು ನಿಂತು ಹೇಳುವ ಹೊತ್ತು ಅದು. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಎದ್ದವಳಲ್ಲ. ಇವತ್ತು ಆ ಮಾತು ಕೇಳಿದ ಕೂಡಲೇ ಎಲ್ಲರೂ ನೆಲ ನೋಡಿದರು. ಹಣಮಮ್ಮ ನನ್ನನ್ನು ನೋಡಿದಳು.

ಗುರುವಾರ, ೧ ಮಾರ್ಚ್

ಗೌಡರ ಹೆಂಡತಿ ಚಂದಮ್ಮ ನನ್ನ ಕೋಣೆಗೆ ಬಂದಿದ್ದರು. ಇಷ್ಟು ದಿನದಲ್ಲಿ ಮೊದಲ ಸಲ. ತಮ್ಮ ತೋಟದ ಕೆಂಬಾಳೆಯ ಚಿಪ್ಪು ತಂದು ಬಾಗಿಲ ಮಗ್ಗಲಿನ ಕಲ್ಲಿನ ಮೇಲೆ ಇಟ್ಟರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಅವರು, ಒಳಗೆ ನಾನು.

‘ಹಣ್ಣಾಗ್ಯಾವ. ಮಕ್ಕಳಿಗೂ ಕೊಡ್ರಿ.’

‘ಆಗಲ್ರೀ ಗೌಡ್ತಿ.’

‘ನಮ್ಮ ಮನ್ಯಾಗ ನಿಮಗೇನೂ ತ್ರಾಸ ಇಲ್ಲಲ್ಲ?’

‘ಇಲ್ರಿ.’

‘ನೀವು ಯಾರ ಪೈಕಿ ಅಂತ ನಾವು ಕೇಳಿಲ್ಲ. ನೀವೂ ಹೇಳಿಲ್ಲ. ಹಂಗೇ ಇರಲಿ.’ ಸೆರಗು ಸರಿ ಮಾಡಿಕೊಂಡರು. ‘ಅದಾಲತ್ತಿನ್ಯಾಗ ಸುಳ್ಳು ಹೇಳ್ರಿ ಅಂತ ನಾನೇನು ಹೇಳಾಕತ್ತಿಲ್ಲವ್ವಾ. ನೆನಪಿಲ್ಲ ಅಂದ್ರ ಅದು ಸುಳ್ಳ ಆಗೂದಿಲ್ಲ. ಯಾರಿಗೆ ಎಲ್ಲಾ ನೆನಪಿರ್ತದ, ಹೇಳ್ರಿ?’

ಕೆಟ್ಟವರ ಹಾಗೆ ಮಾತಾಡಲಿಲ್ಲ. ಅಕ್ಕನ ಹಾಗೆ ಮಾತಾಡಿದರು. ಹೋದ ಮೇಲೆ ಒಂದು ಹಣ್ಣು ಸುಲಿದೆ, ತಿನ್ನಲಾಗಲಿಲ್ಲ. ಚಿಪ್ಪನ್ನು ಹಾಗೇ ಶಾಲೆಗೆ ಒಯ್ದೆ.

ನೆನಪಿಲ್ಲ. ನಾಲ್ಕೇ ಅಕ್ಷರ. ಅದಕ್ಕೆ ದನಿ ಏರಿಸುವುದೂ ಬೇಕಾಗಿಲ್ಲ.

ಮಂಗಳವಾರ, ೬

ಗುಂಡಣ್ಣ ನನ್ನ ಹೆಸರು ಬರೆಸಿದ್ದನಂತೆ, ಸಮನ್ಸ್ ಬಂತು. ಪೂರ್ತಿ ಉರ್ದು. ಕೆಳಗಿನ ಮುದ್ರೆ ಬಿಟ್ಟರೆ ಒಂದಕ್ಷರ ತಿಳಿಯಲಿಲ್ಲ. ಪಾಸ್ಟರ್ ಓದಿ ಹೇಳಿದರು: ಮಾರ್ಚ್ ಇಪ್ಪತ್ತೈದಕ್ಕೆ ಕಲಬುರ್ಗಿಯ ಅದಾಲತ್ತಿನಲ್ಲಿ ಗವಾಹಿಗೆ ಹಾಜರಾಗಬೇಕು. ಅವತ್ತು ರವಿವಾರ. ನಿಜಾಮ ಸರಕಾರದಲ್ಲಿ ರಜೆ ಶುಕ್ರವಾರವಲ್ಲವೇ, ನಮ್ಮ ರವಿವಾರ ಅವರಿಗೆ ಕೆಲಸದ ದಿನ.

‘ಆರಾಧನಾ ತಪ್ಪತದ್ರಿ’ ಎಂದೆ. ಬೇರೆ ನೆಪ ಹೊಳೆಯಲಿಲ್ಲ.

‘ತಪ್ಪತದ’ ಎಂದರು ಪಾಸ್ಟರ್. ಅದನ್ನು ನೆಪವೆಂದು ತಿಳಿದರೋ ಇಲ್ಲವೋ. ಕಾಗದ ಮಡಿಸಿ ಕೊಡುತ್ತ, ‘ನಮ್ಮಲ್ಲಿ ಸಾಕ್ಷಿ, ಅಲ್ಲಿ ಗವಾಹಿ. ಎರಡೂ ಒಂದ. ಕಂಡದ್ದು ಹೇಳೂದು’ ಎಂದರು.

‘ಅಂಜಿಕಿ ಬರ್ತದ್ರಿ. ದಿನಾ ಪ್ರಾರ್ಥನಾ ಮಾಡಾಕತ್ತೀನಿ, ಹೋಗವಲ್ದು.’

‘ಅದು ಹೋದ ಮ್ಯಾಲ ಹೊರಡ್ತೀನಿ ಅಂದ್ರ ಯಾವಾಗ ಹೊರಡ್ತೀರಿ? ಅದನ್ನೂ ಗಾಡ್ಯಾಗ ಕೂಡಿಸಿಕೊಂಡು ನಡೀರಿ. ಬಾಡಿಗಿ ಏನೂ ಹೆಚ್ಚಿಗಿ ಕೇಳೂದಿಲ್ಲ.’

ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಶನಿವಾರ, ೧೦

ಜ್ವರ ಬಂದ ಹಾಗಿದೆ. ಹಣೆ ಮುಟ್ಟಿದರೆ ತಣ್ಣಗಿದೆ.

ಸೋಮವಾರ, ೧೨

ನಿನ್ನೆ ಸಂಜೆ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ಬೀದರಿನ ಮಿಶನ್ ಶಾಲೆಗೆ ಬದಲಿ ಕೇಳಿ ಹೊರಟುಬಿಡಬೇಕು ಎನ್ನಿಸಿತ್ತು. ಹಣಮಮ್ಮ ಬಂದಳು. ಟ್ರಂಕು ನೋಡಿದಳು. ಏನೂ ಕೇಳದೆ ಕೂತು, ಮಡಿಸದ ಸೀರೆಯೊಂದನ್ನು ಎತ್ತಿಕೊಂಡು ಮಡಿಸತೊಡಗಿದಳು. ನಾನು ಓಡಿಹೋಗಲು ಆಕೆ ಸಹಾಯ ಮಾಡುತ್ತಿದ್ದಳು. ನನಗೆ ಆ ಸೀರೆಯನ್ನು ಆಕೆಯ ಕೈಯಿಂದ ಕಸಿದುಕೊಳ್ಳಬೇಕು ಎನ್ನಿಸಿತು.

‘ಹವಾಲಾತ್ತಿನ್ಯಾಗ ಹ್ಯಾಂಗಿದ್ದಾನ?’ ಎಂದೆ.

‘ಹ್ಯಾಂಗಿರ್ತಾನ? ಒಳಗಿನ ಮಂದಿ, ಮೆಲ್ಲಕ ಪ್ರಾರ್ಥನಾ ಮಾಡು, ನಿದ್ದಿ ಹತ್ತವಲ್ದು ಅಂತ ಬೈತಾರಂತ.’ ಸೀರೆ ಟ್ರಂಕಿನಲ್ಲಿಟ್ಟಳು. ‘ನೀವು ಅಂಜತೀರಿ ಅಂತ ನನಗ ಗೊತ್ತದ ಬಾಯಾರ. ಅವಾನೂ ಅಂಜಬುರಕ.’

‘ಗುಂಡಣ್ಣ?’

‘ಹೂಂ ಮತ್ತ. ಡಂಗುರ ಸಾರೂ ಮುಂದ ಕಾಲು ಗಡಗಡ ನಡುಗ್ತಿದ್ವು. ಡಂಗುರಕ್ಕ ಹಲಗಿ ಯಾಕ ಬಾರಸ್ತಾರ ಗೊತ್ತೇನ್ರಿ? ಮೊಣಕಾಲಿನ ಸಪ್ಪಳ ಮಂದಿಗೆ ಕೇಳಬಾರ್ದಂತ. ಈಗ ಹಲಗೀನೂ ಬಿಟ್ಟಾನ. ಅದಕ್ಕೇ ಅಷ್ಟ ಜೋರ ಚೀರತಾನ.’

ಇಬ್ಬರೂ ನಕ್ಕೆವು. ಆಮೇಲೆ ಆಕೆ ಅತ್ತಳು. ನಾನು ಲೋಟದಲ್ಲಿ ನೀರು ಕೊಟ್ಟೆ. ಗೌಡರ ಅಂಗಳದಲ್ಲಿ ಆಕೆ ಲೋಟಕ್ಕೆ ಬಾಯಿ ಹಚ್ಚಿ ಕುಡಿದದ್ದು ಯಾರಿಗಾದರೂ ಕಂಡಿತೋ ಏನೋ. ಕಂಡಿದ್ದರೆ ಅದೂ ಒಂದು ಮಾತಾಗುತ್ತದೆ.

ಬಟ್ಟೆಗಳು ಇನ್ನೂ ಟ್ರಂಕಿನಲ್ಲೇ ಇವೆ. ತೆಗೆದಿಡಲು ಬೇಸರ.

ಬುಧವಾರ, ೧೪

ರವಿವಾರದ ಬೋಧನೆಯಲ್ಲಿ ಪಾಸ್ಟರ್ ಹೇಳಿದ ಕಥೆಯೇ ತಲೆಯಲ್ಲಿದೆ. ಕ್ರಿಸ್ತನನ್ನು ಹಿಡಿದೊಯ್ದ ರಾತ್ರಿ ಅಂಗಳದ ಬೆಂಕಿಯ ಮುಂದೆ ಕೂತ ಶಿಷ್ಯನ ಕಥೆ. ಒಬ್ಬ ಕೆಲಸದ ಹುಡುಗಿ ಬಂದು ಅವನನ್ನು ಕೇಳುತ್ತಾಳೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ನೀನೂ ಅವನ ಪೈಕಿಯೇ ಅಲ್ಲೇನು? ನನಗವನು ಗೊತ್ತೇ ಇಲ್ಲ ಎಂದುಬಿಡುತ್ತಾನೆ.

ಸಣ್ಣವಳಿದ್ದಾಗಿನಿಂದ ಈ ಕಥೆ ಕೇಳಿದಾಗೆಲ್ಲ ಅವನ ಹೇಡಿತನಕ್ಕೆ ನಾಚಿಕೆಯಾಗುತ್ತಿತ್ತು. ಇವತ್ತು ಮಕ್ಕಳು ಕಾಪಿ ಬರೆಯುತ್ತಿರುವಾಗ ಬೇರೊಂದು ಹೊಳೆಯಿತು. ಅವನು ಅಂಗಳದವರೆಗೆ ಹೋಗಿದ್ದಕ್ಕೇ ಆ ಹುಡುಗಿ ಕೇಳಿದಳು. ಮೊದಲೇ ಓಡಿಹೋದವರನ್ನು ಯಾರೂ ಏನೂ ಕೇಳಲಿಲ್ಲ. ಅವರು ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ. ಅಂಜಿಕೊಂಡೇ ಅಷ್ಟು ದೂರ ನಡೆದು ಹೋದವನು ಅವನೊಬ್ಬನೇ.

ಇದು ಸರಿಯೋ ತಪ್ಪೋ ಪಾಸ್ಟರನ್ನು ಕೇಳಬೇಕು. ಕೇಳಲಿಕ್ಕೂ ಸಂಕೋಚ.

ಕಲಬುರ್ಗಿ
ಶುಕ್ರವಾರ, ೨೩

ಅವ್ವನ ಮನೆ. ಪಾಸ್ಟರ್ ಮತ್ತು ಹಣಮಮ್ಮ ನನ್ನ ಜೊತೆ ಬಂದಿದ್ದಾರೆ.

ಅವ್ವ ಇನ್ನೂ ಗಂಜಿನಲ್ಲಿ, ಕಾಳಿನ ಪೇಟೆಯಲ್ಲಿ, ಕಸ ಹೊಡೆಯುತ್ತಾಳೆ. ಅಡತಿ ಅಂಗಡಿಗಳ ಮುಂದೆ ಉದುರಿದ ತೊಗರಿ, ಕಡಲೆ ಬಳಿದು ಗುಂಪು ಹಾಕುತ್ತಾಳೆ. ಆ ಕಾಳೇ ಕೂಲಿ. ಬಂಡೆಮ್ಮ ಎಂಬ ಹೆಸರು ಅಂಗಡಿಯವರಿಗೆ ಗೊತ್ತು. ದನಿ ಯಾರಿಗೂ ಗೊತ್ತಿಲ್ಲ.

ತಲೆ ಬಾಚುತ್ತ ಎಂದಳು: ‘ನೆನಪಿಲ್ಲ ಅಂದು ಬಂದುಬಿಡು ತಂಗಿ. ನಮಗ್ಯಾಕ ಬೇಕು ದೊಡ್ಡ ಮಂದೀದು?’

‘ನೆನಪದ ಅವ್ವ.’

‘ಇದ್ರ ಇರಲಿ. ನನಗ ಎಷ್ಟು ನೆನಪಿಲ್ಲ?’ ಹಣಿಗೆ ಒಂದು ಗಂಟಿಗೆ ಸಿಕ್ಕಿತು. ಜಗ್ಗದೆ ಮೆಲ್ಲಗೆ ಬಿಡಿಸಿದಳು. ‘ನೀ ಸಣ್ಣಾಕಿದ್ದಾಗ ಭಾಳ ಚೀರತಿದ್ದಿ. ಗಂಜಿನ್ಯಾಗ ಜೋಳಿಗ್ಯಾಗ ಮಲಗಸ್ತಿದ್ದೆ. ನೀ ಅತ್ತಿ ಅಂದ್ರ ಸಾವಕಾರರು ಇಬ್ಬರನ್ನೂ ಹೊರಗ ಹಾಕ್ತಿದ್ರು. ನಿನ್ನ ಬಾಯಿಗೆ ಕೈ ಇಟ್ಟು ಇಟ್ಟು ಮೆಲ್ಲಕ ಮಾಡಿದಾಕಿ ನಾನ.’

ಜಡೆ ಹಾಕಿ ಮುಗಿಸಿದಳು. ಬಿಗಿಯಾಗಿ ಹಾಕಿದ್ದಾಳೆ.

ರವಿವಾರ, ೨೫

ಬರೆದು ಮುಗಿಸಿದರೆ ನಿದ್ದೆ ಬಂದೀತು. ಇವತ್ತು ಆರಾಧನೆಗೆ ಹೋಗಲಾಗಲಿಲ್ಲ, ಅದೊಂದು ಚುಚ್ಚುತ್ತಿದೆ. ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅದಾಲತ್ತಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಅವ್ವ ಕೂತಳು. ಒಳಗೆ ಬರಲು ಒಪ್ಪಲಿಲ್ಲ. ಗೌಡರು ತಮ್ಮ ಗಾಡಿಯಲ್ಲಿ ಬಂದು ಇಳಿದರು. ನನ್ನನ್ನು ನೋಡಿ ತಲೆಯಾಡಿಸಿದರು, ಊರಿನಲ್ಲಿ ಎದುರಾದರೆ ಆಡಿಸುವ ಹಾಗೆಯೇ. ನನಗೆ ಅಲ್ಲಿಂದಲೇ ಓಡಬೇಕೆನ್ನಿಸಿತು. ಕಾಲು ಬರಲಿಲ್ಲ, ಆದ್ದರಿಂದ ಓಡಲಿಲ್ಲ.

ಗುಂಡಣ್ಣ ಕಟಕಟೆಯಲ್ಲಿದ್ದ. ಬಡವಾಗಿದ್ದಾನೆ. ಮಹಾದೇವಪ್ಪ ತನ್ನ ಹೇಳಿಕೆ ಕೊಟ್ಟ: ಎತ್ತು ಬಿದ್ದಿತ್ತು, ಎಲ್ಲರೂ ಅದರ ಸುತ್ತ ಇದ್ದೆವು, ತಿರುಗಿ ನೋಡಿದೆ, ಇವನು ಚೀಲ ಹೊತ್ತು ಹೊರಟಿದ್ದ. ಆಮೇಲೆ ನನ್ನ ಹೆಸರು ಕೂಗಿದರು.

ಮುನ್ಸೀಫ್ ಸಾಹೇಬರಿಗೆ ಕನ್ನಡ ಅಷ್ಟಾಗಿ ಬಾರದು. ಅವರ ಗುಮಾಸ್ತ, ಪೇಶಕಾರ ಇಮಾಮುದ್ದೀನ್ ಎಂಬವರು ನಡುವೆ ನಿಂತು ಉರ್ದುವಿಗೆ ತಿರುಗಿಸುತ್ತಿದ್ದರು.

‘ಯಾರ ಪೈಕಿ?’ ಎಂದರು ಅವರು ಮೊದಲಿಗೇ. ‘ಕಸಮ್ ಹಾಕಸ್ಬೇಕಲ್ಲಮ್ಮಾ. ಯಾವ ದೇವರ ಮ್ಯಾಲ ಅಂತ ಗೊತ್ತಾಗ್ಬೇಕಲ್ಲ?’

‘ಕ್ರಿಸ್ತನ ಪೈಕಿ ರೀ.’

ಗೌಡರ ವಕೀಲ ಹಣಮಂತರಾಯರು ಎದ್ದರು. ‘ಅದಕ್ಕಿಂತ ಮೊದಲ?’

ಗೌಡರು ನನ್ನನ್ನೇ ನೋಡುತ್ತಿದ್ದರು. ಕೋಣೆ, ಚಂದಮ್ಮ, ಹೊಸ್ತಿಲು, ಎಲ್ಲ ಒಮ್ಮೆಲೇ ಕಣ್ಣಿಗೆ ಬಂತು. ‘ಇಲ್ಲೇ ಗಂಜಿನ್ಯಾಗ ಕಸ ಹೊಡಿಯೂ ಬಂಡೆಮ್ಮನ ಮಗಳು ರೀ. ಗುಂಡಣ್ಣನ ಪೈಕೀನೇ’ ಎಂದೆ.

‘ಸಾಹೇಬರಿಗೆ ಕೇಳಸವಲ್ದಂತ’ ಎಂದರು ಪೇಶಕಾರರು. ಮತ್ತೊಮ್ಮೆ ಹೇಳಬೇಕಾಯಿತು.

ಗುಂಡಣ್ಣ ಆ ಹೊತ್ತಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಎಂದೆ. ವಕೀಲರು ನಕ್ಕರು.

‘ಪಾಸ್ಟರ್ ಊರಾಗಿಲ್ಲ. ಓದಿದಾಕಿ ನೀವು, ಬಾಯಾರು ನೀವು. ಆರಾಧನಾ ನಡಸ್ಬೇಕಾದಾಕಿ ನೀವು. ನಿಮ್ಮನ್ನ ಬಿಟ್ಟು ಡಂಗುರದವ ಪ್ರಾರ್ಥನಾ ಮಾಡಿದ ಅಂದ್ರ ಯಾರು ನಂಬಬೇಕು?’

‘ನಾನೇ ಮಾಡಂತ ಹೇಳಿದ್ನಿರಿ.’

‘ಯಾಕ?’

‘ನನಗ ಅಂಜಿಕಿ ಬಂತ್ರಿ.’

‘ಯಾರ ಅಂಜಿಕಿ? ಗೌಡರದೇನು?’

‘ಇಲ್ರಿ. ಮಾತಾಡೂ ಅಂಜಿಕಿ.’

ಇದನ್ನು ಉರ್ದುವಿಗೆ ತಿರುಗಿಸಿದಾಗ ಕೂತವರೆಲ್ಲ ನಕ್ಕರು. ಪಾಸ್ಟರ್ ಬಾಗಿಲಲ್ಲಿ ನಿಂತಿದ್ದರು. ಪ್ರಾರ್ಥನೆಯನ್ನು ಅವನಿಗೆ ಬಿಟ್ಟದ್ದು ಅಂಜಿಕೆಯಿಂದ ಎಂದು ಅವರಿಗೂ ಈಗಲೇ ಗೊತ್ತಾದದ್ದು.

‘ಅಂಥಾಕಿ ಈಗ ಹ್ಯಾಂಗ ಮಾತಾಡಾಕತ್ತೀರಿ?’

‘ಈಗಲೂ ಅಂಜಿಕಿ ಅದರಿ.’

ಮುನ್ಸೀಫರು ನಗಲಿಲ್ಲ. ಪೆನ್ನು ಕೆಳಗಿಟ್ಟು ಏನೋ ಕೇಳಿದರು. ಇಮಾಮುದ್ದೀನರು, ‘ಆ ಪ್ರಾರ್ಥನಾದಾಗ ಅವಾ ಏನೇನು ಅಂದ? ನೆನಪದ ಏನು?’ ಎಂದರು.

ನೆನಪಿಲ್ಲ ಎನ್ನಬಹುದಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು.

‘ಅದರಿ’ ಎಂದೆ.

ಹೇಳತೊಡಗಿದೆ. ಎರಡು ಮಾತು ಆಡುವಷ್ಟರಲ್ಲಿ ಮುನ್ಸೀಫರು ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಪೇಶಕಾರರಿಗೂ ಬೇಸರ ಬಂತು. ‘ಹಿಂಗ ಬ್ಯಾಡಮ್ಮಾ. ಅವಾ ಹ್ಯಾಂಗ ಅಂದನೋ ಹಂಗ ಅನ್ರಿ.’

ಅವನು ಅಂದ ಹಾಗೆ ಅನ್ನಬೇಕೆಂದರೆ ಕಣ್ಣು ಮುಚ್ಚಬೇಕು. ಮುಚ್ಚಿದೆ. ಪ್ರಾರ್ಥನೆಗೆ ಕೂತ ಮಣ್ಣಿನ ಗೋಡೆಯ ಮನೆ ಕಂಡಿತು.

‘ಕೇಳ್ರಿ ದೇವರ, ಕೇಳ್ರಿ! ಕಮಲಾಪುರದ ನಿಮ್ಮ ಮಂದಿ ಕೂಡೇದ, ಕೇಳ್ರಿ! ಹೊಟ್ಟಿಗೆ ಕೊಟ್ಟೀರಿ, ನಿಮ್ಮ ಉಪಕಾರ ಅದ! ನೀರಿಗೆ ಹೋದ ಹುಡುಗಿಯರು ಸುಖರೂಪ ಬರಲಿ! ಮುದುಕರ ಕೆಮ್ಮು ಹೋಗಲಿ! ನಮ್ಮ ಬಾಯಾರಿಗೆ ಮಾತು ಕೊಡ್ರಿ, ಪಾಪ, ಭಾಳ ಅಂಜತಾರ! ಕೇಳ್ರಿ ದೇವರ! ಗೌಡರ ಎತ್ತು ಸರದಾರ ಈಗ ಕಣದ ಹಾದ್ಯಾಗ ಬಿದ್ದದಂತ! ಮೂಕ ಜೀವ ಅದ ರೀ, ಅದು ತಪ್ಪು ಮಾಡಿಲ್ಲ! ಗೌಡರು ನಮ್ಮ ಮ್ಯಾಲ ಸಿಟ್ಟಾಗ್ಯಾರ, ಆಗಲಿ, ಎತ್ತಿನ ಮ್ಯಾಲ ನೀವು ಸಿಟ್ಟಾಗಬ್ಯಾಡ್ರಿ! ಅದನ್ನ ಎಬ್ಬಸ್ರಿ! ಕೇಳಿದ್ರಿಲ್ಲೋ? ಆಮೆನ್!’

‘ಆಮೆನ್’ ಎಂದ ಗುಂಡಣ್ಣ ಕಟಕಟೆಯಿಂದ. ರೂಢಿ. ಹಣಮಮ್ಮನೂ ಅಂದಳು. ಪಾಸ್ಟರ್ ಕೂಡ ಅಂದರೆಂದು ಕಾಣುತ್ತದೆ. ‘ಖಾಮೋಶ್!’ ಎಂದು ಪೇಶಕಾರರು ಗದರಿದರು.

ನಮ್ಮ ಬಾಯಾರಿಗೆ ಮಾತು ಕೊಡ್ರಿ ಎಂದು ಅವನು ಅಂದಿದ್ದು ನನಗೆ ಅಲ್ಲಿಯವರೆಗೆ ನೆನಪಿನಲ್ಲೇ ಇರಲಿಲ್ಲ. ಹೇಳುತ್ತ ಹೋದ ಹಾಗೆ ಬಂತು.

ವಕೀಲರು, ‘ಈ ರೀ, ರೀ ಅಂತ ಯಾರಿಗೆ ಅನ್ನಾಕತ್ತಾನ? ಗೌಡರಿಗೇನು?’ ಎಂದು ಕೇಳಿದರು. ‘ದೇವರಿಗ್ರಿ’ ಎಂದೆ. ಅವರು ಕೂತರು.

ಮುನ್ಸೀಫರು ಗೌಡರ ಕಡೆ ತಿರುಗಿ ಇಮಾಮುದ್ದೀನರ ಬಾಯಿಂದ ಕೇಳಿಸಿದರು. ಸರದಾರ ಎಂಬ ಎತ್ತು ನಿಮ್ಮದೇ? ನಮ್ಮದೇ ರೀ. ಅವತ್ತು ಎದ್ದಿತೇ?

‘ಎದ್ದಾದ್ರಿ. ಅದನ್ನೇ ಗಾಡಿಗೆ ಹೂಡಿಕೊಂಡು ಬಂದೀನಿ. ಹೊರಗ ನಿಂತದ.’

‘ಇವರ ಪ್ರಾರ್ಥನೆಯ ಮನೆ ಎತ್ತು ಬಿದ್ದ ಜಾಗದಿಂದ ಎಷ್ಟು ದೂರ?’

‘ಒಂದ್ ಕೂಗಳತಿ ರೀ.’

‘ಈ ಪ್ರಾರ್ಥನೆ ನಿಮಗೆ ಕೇಳಿಸಿತ್ತೇ?’

ಗೌಡರು ವಕೀಲರನ್ನು ನೋಡಿದರು. ಕಿಟಕಿಯ ಕಡೆ ನೋಡಿದರು, ಅಲ್ಲಿ ಗಾಡಿ ನಿಂತಿತ್ತು. ಅವರ ಮುಖದಲ್ಲೂ ಅಂಜಿಕೆ ಕಂಡಂತಾಯಿತು. ಯಾರ ಅಂಜಿಕೆಯೋ.

‘ಸರದಾರನ ಹೆಸರು ಕೇಳಿಸಿತ್ತು ರೀ’ ಎಂದರು. ‘ನಾ ಅದರ ಬಾಯಿಗೆ ನೀರು ಹಾಕಾಕತ್ತಿದ್ದೆ.’

ಮಹಾದೇವಪ್ಪ ತಲೆ ತಗ್ಗಿಸಿದ.

ಹೊರಗೆ ಬಂದಾಗ ಅವ್ವ ಬೇವಿನ ಮರದ ಕೆಳಗೆ ನಿಂತುಕೊಂಡಿದ್ದಳು. ನನ್ನ ಮುಖ ನೋಡಿ, ಜಡೆ ಬಿಚ್ಚಿತ್ತೆಂದು ಮತ್ತೆ ಹಾಕತೊಡಗಿದಳು.

‘ಇಲ್ಲಿ ತನಕ ಕೇಳಸ್ತು’ ಎಂದಳು.

ಬೈದಳೋ ಹೇಗೋ ತಿಳಿಯಲಿಲ್ಲ. ನನಗೆ ಗಂಟಲು ಬಹಳ ನೋಯುತ್ತಿದೆ. ಉಪ್ಪುನೀರು ಮುಕ್ಕಳಿಸಿ ಮಲಗುತ್ತೇನೆ.

ಕಮಲಾಪುರ
ಶುಕ್ರವಾರ, ೩೦

ಗುಂಡಣ್ಣನನ್ನು ಬಿಟ್ಟರು. ಇವತ್ತು ಶುಭ ಶುಕ್ರವಾರ. ಶಿಲುಬೆಯ ಧ್ಯಾನದ ನಡುವೆ ಬಾಗಿಲಲ್ಲಿ ಬಂದು ನಿಂತ. ಯಾರೂ ಹಾಡು ನಿಲ್ಲಿಸಲಿಲ್ಲ. ಅವನೂ ಸೇರಿಕೊಂಡ, ಹಾಡು ಕೆಟ್ಟಿತು.

ಮಧ್ಯಾಹ್ನ ಚಂದಮ್ಮ ಅಂಗಳದ ಆಚೆಯಿಂದಲೇ, ‘ಕೋಣಿ ನಮಗ ಬೇಕಾಗ್ಯಾದವ್ವಾ. ಮೇವು ಇಡಬೇಕು’ ಎಂದರು. ಸಿಟ್ಟಿನಿಂದ ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆಗಲ್ರಿ ಎಂದೆ. ಟ್ರಂಕು ತುಂಬಿಯೇ ಇತ್ತು.

ಹಣಮಮ್ಮನ ಮನೆಯ ಪಡಸಾಲೆಯಲ್ಲಿದ್ದೇನೆ. ಇಲ್ಲಿ ಸೊಳ್ಳೆ ಬಹಳ. ಮಿಸ್ಸಮ್ಮ ಏನನ್ನುವರೋ, ಶಾಲೆಗೆ ದೊಡ್ಡ ಮನೆಗಳ ಹುಡುಗಿಯರು ಇನ್ನು ಬರುವರೋ ಇಲ್ಲವೋ ಎಂಬ ಚಿಂತೆ. ಮೂವರು ಈಗಾಗಲೇ ಬಿಟ್ಟಿದ್ದಾರೆ. ಈ ಚಿಂತೆಯಲ್ಲೇ ನಿದ್ದೆ ಕೆಡುತ್ತಿದೆ. ಧೈರ್ಯ ಎಂಬುದು ನನಗೆ ಈ ಜನ್ಮದಲ್ಲಿ ಬರಲಿಕ್ಕಿಲ್ಲ.

ರವಿವಾರ, ೮ ಏಪ್ರಿಲ್

ಪಾಸ್ಟರ್ ಹುಮನಾಬಾದಿಗೆ ಹೋಗಿದ್ದಾರೆ. ಆರಾಧನೆ ನಾನೇ ನಡೆಸಿದೆ. ಪ್ರಾರ್ಥನೆಯ ಹೊತ್ತಿಗೆ ಕೈ ತಣ್ಣಗಾಯಿತು, ಎಂದಿನ ಹಾಗೆ. ಏನೋ ನಾಲ್ಕು ಮಾತು ಹೇಳಿ ಮುಗಿಸಿದೆ. ಹುಡುಗಿಯರು, ಮಳೆ, ಕೆಮ್ಮು. ಸರದಾರನ ಹೆಸರು ಬಾಯಿಗೆ ಬಂತು, ಅದನ್ನೂ ಸೇರಿಸಿದೆ. ಗೌಡರ ಮನೆಯವರನ್ನೂ ಸೇರಿಸಿದೆ.

ಮುಗಿದ ಮೇಲೆ ಗುಂಡಣ್ಣ ಬಂದು ಗಂಭೀರವಾಗಿ, ‘ಛಲೋ ಇತ್ತು ಬಾಯಾರ. ಖರೇ ಹೇಳ್ತೀನಿ ಸಿಟ್ಟಾಗಬ್ಯಾಡ್ರಿ, ದನಿ ಸಾಲಲಿಲ್ಲ. ಹಿಂದ ಕೂತವರಿಗೆ ಕೇಳಸ್ತು, ಗೌಡರ ಮನಿಗೆ ಕೇಳಸಲಿಲ್ಲ’ ಎಂದ.

‘ನಿನ್ನ ಹಂಗ ಎಲ್ಲಾರೂ ಚೀರಿದ್ರ ದೇವರು ಊರು ಬಿಟ್ಟು ಹೋಗ್ತಾನ’ ಎಂದಳು ಹಣಮಮ್ಮ.

ಸಂಜೆ ನೀರಿಗೆ ಹೋಗಿದ್ದೆ. ತಿರುಗಿ ಬರುವಾಗ ಗೌಡರ ಕಟ್ಟೆಯ ಮುಂದೆಯೇ ಬಂದೆ. ಮಂದಿ ಕೂತಿದ್ದರು, ಮಾತು ನಿಲ್ಲಿಸಿ ನೋಡಿದರು. ಯಾರೂ ಏನೂ ಕೇಳಲಿಲ್ಲ. ಕೊಡ ಭಾರವಾಗಿತ್ತು, ಹಿಂದಿನ ಸಂದಿಗಿಂತ ಆ ದಾರಿ ಹತ್ತಿರ.